ಡೀಲಕ್ಸ್ ರಿವರ್ಬ್ ಆಂಪಿನ ಟ್ಯೂಬ್ ಬದಲಾವಣೆ: ದೀರ್ಘಕಾಲದ ಬಳಕೆಯ ನಂತರ

ಫೆಂಡರ್ ಸಂಸ್ಥೆ ಮತ್ತೆ ತಯಾರಿಸಿ ಮಾರುತ್ತಿರುವ 65 ಡೀಲಕ್ಸ್ ರಿವರ್ಬ್ ಎಂಬ ಗಿಟಾರ್ ಆಂಪ್ಲಿಫೈಯರನ್ನು (ಆಂಪ್, ಅಂದರೆ ಗಿಟಾರಿನ ಧ್ವನಿಯನ್ನು ವರ್ಧಿಸುವ ಪೆಟ್ಟಿಗೆ) ನಾನು ಹಲವು ವರ್ಷಗಳಿಂದ ನುಡಿಸಲು ಬಳಸುತ್ತಿದ್ದೇನೆ. ಶಕ್ತಿ 22 ವ್ಯಾಟ್, 12 ಇಂಚಿನ ಒಂದೇ ಸ್ಪೀಕರ್. ಒಳಗೆ ನಾಲ್ಕು 12ಎಎಕ್ಸ್7, ಎರಡು 12ಎಟಿ7, ಎರಡು 6ವಿ6 ಮತ್ತು ರೆಕ್ಟಿಫೈಯರ್ (ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಭಾಗ) ಆಗಿ ಒಂದು 5ಎಆರ್4, ಹೀಗೆ ಬೇರೆ ಬೇರೆ ಮಾದರಿಯ ಒಟ್ಟು ಒಂಬತ್ತು ಟ್ಯೂಬುಗಳಿವೆ (ಗಾಜಿನ ನಿರ್ವಾತ ನಳಿಕೆಗಳು). ಆಂಪಿನ ಗುಣದೋಷಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಅದರ ಟ್ಯೂಬುಗಳನ್ನು ಒಂದೊಂದಾಗಿ ಬದಲಾಯಿಸಿದಾಗ ನಾದದಲ್ಲಿ ನಿಜಕ್ಕೂ ಏನು ಬದಲಾಯಿತು, ಯಾವುದಕ್ಕೆ ಹಣ ಹಾಕುವುದು ಸಾರ್ಥಕ ಎಂಬುದಷ್ಟೇ ಇಲ್ಲಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಟ್ಯೂಬಿನ ಮಾದರಿಯನ್ನು ಬದಲಾಯಿಸಿದರೆ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ, ಅದೇ ಮಾದರಿಯಲ್ಲಿ ಬರೀ ತಯಾರಕರನ್ನು ಬದಲಾಯಿಸಿದರೆ ಹೆಚ್ಚಿನ ಸಲ ಕೇಳಿಸುವುದಿಲ್ಲ.

ಮೊದಲು ಸ್ಥಾನಗಳ ವಿಚಾರ. ಆಂಪನ್ನು ಹಿಂಬದಿಯಿಂದ ನೋಡಿದಾಗ ಬಲತುದಿಯಲ್ಲಿರುವುದು ಮೊದಲನೆಯ ಟ್ಯೂಬ್, ಎಡತುದಿಯಲ್ಲಿರುವುದು ರೆಕ್ಟಿಫೈಯರ್. ಟ್ಯೂಬ್ ಬದಲಾವಣೆಯ ಸಲಹೆಗಳೆಲ್ಲ ಸಾಮಾನ್ಯವಾಗಿ ಮೊದಲನೆಯ ಟ್ಯೂಬಿನಿಂದಲೇ ಆರಂಭವಾಗುತ್ತವೆ. ಆದರೆ ಈ ಆಂಪಿನಲ್ಲಿ ಗಿಟಾರಿನ ಸಂಕೇತಕ್ಕೆ ನಾರ್ಮಲ್, ವೈಬ್ರಾಟೊ ಎಂಬ ಎರಡು ಪ್ರತ್ಯೇಕ ದಾರಿಗಳು, ಅಂದರೆ ಚಾನೆಲ್ಲುಗಳು ಇವೆ, ಮೊದಲನೆಯ ಟ್ಯೂಬ್ ನಾರ್ಮಲ್ ಚಾನೆಲ್ಲಿಗೆ ಮಾತ್ರ ಸೇರಿದ್ದು. ರಿವರ್ಬ್ (ದೊಡ್ಡ ಕೋಣೆಯ ಅನುರಣನದಂತಹ ಪರಿಣಾಮ) ಬೇಕೆಂದು ವೈಬ್ರಾಟೊ ಚಾನೆಲ್ಲಿನಲ್ಲಿ ನುಡಿಸುವವರಿಗೆ, ಅಂದರೆ ಬಹುತೇಕ ಎಲ್ಲರಿಗೂ, ಗಿಟಾರಿನ ಸಂಕೇತ ಮೊದಲು ಹೋಗುವುದು ಎರಡನೆಯ ಟ್ಯೂಬಿಗೆ. ಮೂರನೆಯದು ಈ ಅನುರಣನ ಉಂಟುಮಾಡುವ ರಿವರ್ಬ್ ಸ್ಪ್ರಿಂಗನ್ನು ನಡೆಸುವ 12ಎಟಿ7. ಒಂದೇ ಗಾಜಿನೊಳಗೆ ಎರಡು ವರ್ಧಕಗಳಿರುವ ನಾಲ್ಕನೆಯದರ ಒಂದು ಅರ್ಧ ಸ್ಪ್ರಿಂಗಿನಿಂದ ಮರಳಿ ಬಂದ ಧ್ವನಿಯನ್ನು ಎತ್ತಿದರೆ ಇನ್ನೊಂದು ಅರ್ಧ ಇಡೀ ವೈಬ್ರಾಟೊ ಚಾನೆಲ್ಲನ್ನು ಮತ್ತೊಮ್ಮೆ ವರ್ಧಿಸುತ್ತದೆ. ಐದನೆಯದು ವೈಬ್ರಾಟೊದ್ದು (ಧ್ವನಿಯನ್ನು ಅಲೆಯಂತೆ ಏರಿಳಿಸುವ ಪರಿಣಾಮ), ಆರನೆಯದು ಫೇಸ್ ಇನ್ವರ್ಟರ್ (ಸಂಕೇತವನ್ನು ಪರಸ್ಪರ ವಿರುದ್ಧವಾದ ಎರಡು ಪ್ರತಿಗಳಾಗಿಸಿ ಎರಡು 6ವಿ6ಗಳಿಗೆ ಕೊಡುವುದು). ದುಬಾರಿ ಟ್ಯೂಬೊಂದನ್ನು ತಂದು ಮೊದಲ ಸ್ಥಾನದಲ್ಲಿ ಹಾಕಿ, ವೈಬ್ರಾಟೊ ಚಾನೆಲ್ಲಿನಲ್ಲಿ ನುಡಿಸಿ, ನಾದ ತುಂಬಿಕೊಂಡಿತು ಎಂದು ಸಂಭ್ರಮಿಸಿದವರನ್ನು ನಾನು ನೋಡಿದ್ದೇನೆ. ಅವರು ಕೇಳಿದ್ದು ಹಳೆಯ ಟ್ಯೂಬನ್ನೇ.

ಕಿವಿಯನ್ನು ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ಇನ್ನೂ ಎರಡು ಕಾರಣಗಳಿವೆ. ಆಂಪನ್ನು ಆರಿಸಿ, ಟ್ಯೂಬ್ ತಣಿಯುವವರೆಗೆ ಕಾದು, ಬದಲಾಯಿಸಿ, ಮತ್ತೆ ಕಾಯಿಸುವಷ್ಟರಲ್ಲಿ ಹಿಂದಿನ ನಾದದ ಸೂಕ್ಷ್ಮಗಳು ನೆನಪಿನಿಂದ ಜಾರಿರುತ್ತವೆ. ಜೊತೆಗೆ ಎರಡರಲ್ಲಿ ಯಾವುದು ಕೊಂಚ ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ನಾನು ಒಂದೇ ನುಡಿಸಾಣಿಕೆಯನ್ನು ಲೂಪರ್ ಪೆಡಲಿನಲ್ಲಿ ಹಿಡಿದಿಟ್ಟುಕೊಂಡು, ಅದನ್ನೇ ಪ್ರತಿ ಸಲವೂ ಆಂಪಿಗೆ ಕೊಟ್ಟು, ಮೈಕನ್ನು ಸ್ಪೀಕರಿನ ಮುಂದೆ ಒಂದೇ ಜಾಗದಲ್ಲಿ ನಿಲ್ಲಿಸಿ ಧ್ವನಿಮುದ್ರಿಸಿಕೊಂಡೆ. ಆಮೇಲೆ ಮುದ್ರಿಕೆಗಳ ಮಟ್ಟವನ್ನು ಸಮಮಾಡಿ, ಯಾವುದು ಯಾವ ಟ್ಯೂಬಿನದು ಎಂದು ನೋಡದೆ ಕೇಳಿದೆ. ಹೀಗೆ ಕೇಳಿದಾಗ, ಇಂದು ತಯಾರಾಗುತ್ತಿರುವ ಬೇರೆ ಬೇರೆ ಹೆಸರಿನ ಆರೋಗ್ಯವಂತ 12ಎಎಕ್ಸ್7ಗಳ ನಡುವೆ ನನಗೆ ಖಚಿತವಾಗಿ ಗುರುತಿಸಲು ಸಿಕ್ಕಿದ್ದು ಹಿಸ್ ಶಬ್ದದ ಪ್ರಮಾಣ ಮತ್ತು ತೀರ ಮೇಲಿನ ಸ್ವರಗಳಲ್ಲಿ ಸಣ್ಣ ಅಂತರ ಮಾತ್ರ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿದಿರುವುದು ಒಳ್ಳೆಯದು. ಗಾಜಿನ ಮೇಲೆ ಮುದ್ರಿಸಿರುವ ಹೆಸರು ಕಾರ್ಖಾನೆಯ ಹೆಸರಾಗಿರಬೇಕೆಂದಿಲ್ಲ. ಮೂಲ ಮುಲ್ಲಾರ್ಡ್ ಟ್ಯೂಬುಗಳು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಿಂದ ಬರುತ್ತಿದ್ದವು. ಇಂದು ಅದೇ ಹೆಸರು ಹೊತ್ತು ಹೊಸದಾಗಿ ಬರುವವು ರಷ್ಯಾದ ಸರಾಟೋವ್ ನಗರದಲ್ಲಿ ತಯಾರಾಗುತ್ತವೆ, ಟಂಗ್-ಸಾಲ್ ಮತ್ತು ಎಲೆಕ್ಟ್ರೋ-ಹಾರ್ಮೋನಿಕ್ಸ್ ಹೆಸರಿನವೂ ಅಲ್ಲಿಂದಲೇ ಬರುತ್ತವೆ. ಜೆಜೆ ಟ್ಯೂಬುಗಳು ಸ್ಲೊವಾಕಿಯಾದವು. ಹಳೆಯ ದಾಸ್ತಾನಿನ ಬಳಸದ ಟ್ಯೂಬುಗಳಲ್ಲಿ ಕೆಲವು ನಿಜವಾಗಿಯೂ ಶಾಂತವಾಗಿ, ದೀರ್ಘಕಾಲ ಬಾಳುತ್ತವೆ, ಒಪ್ಪುತ್ತೇನೆ. ಆದರೆ ಅವುಗಳ ಬೆಲೆಯಲ್ಲಿ ಹೆಸರಿನ ಪಾಲೇ ದೊಡ್ಡದು.

ಈಗ ಮಾದರಿಯ ಬದಲಾವಣೆಗೆ ಬರೋಣ, ಏಕೆಂದರೆ ಸ್ವಾರಸ್ಯ ಇರುವುದು ಇಲ್ಲೇ. 12ಎಎಕ್ಸ್7 ಟ್ಯೂಬಿನ ವರ್ಧನಾಂಕ (ಸಂಕೇತವನ್ನು ಹಿಗ್ಗಿಸುವ ಸಾಮರ್ಥ್ಯದ ಅಳತೆ) 100. ಅದೇ ಸಾಕೆಟ್ಟಿಗೆ ಹೊಂದುವ 5751ರದ್ದು 70, 12ಎಟಿ7ರದ್ದು 60, 12ಎವೈ7ರದ್ದು ಸುಮಾರು 44, 12ಎಯು7ರದ್ದು 20ರ ಆಸುಪಾಸು. ಎರಡನೆಯ ಸ್ಥಾನದಲ್ಲಿ 5751 ಹಾಕಿದ್ದು ನಾನು ಮಾಡಿದ ಎಲ್ಲ ಬದಲಾವಣೆಗಳಲ್ಲಿ ಅತ್ಯಂತ ಫಲಕಾರಿಯಾದದ್ದು. ಮೊದಲು ವಾಲ್ಯೂಮ್ ಗುಬ್ಬಿ (ತಿರುಗಿಸುವ ಗುಂಡಿ) 4ನ್ನು ದಾಟುತ್ತಿದ್ದಂತೆ ಧ್ವನಿ ಒಡೆಯಲು, ಅಂದರೆ ವಿಕೃತವಾಗಲು ತೊಡಗುತ್ತಿತ್ತು, ಮುಂದಿನ ಸ್ವಲ್ಪ ತಿರುವಿನಲ್ಲೇ ಕೆಳ ತಂತಿಗಳು ಕಲಸಿಹೋಗುತ್ತಿದ್ದವು. ಈಗ ಗುಬ್ಬಿಯನ್ನು 5ರ ಆಚೆಗೂ ಒಯ್ಯಬಹುದು. ಮೆಲ್ಲಗೆ ಮೀಟಿದರೆ ಸ್ವರ ಸ್ವಚ್ಛವಾಗಿ ನಿಲ್ಲುತ್ತದೆ, ಪಿಕ್ ಒತ್ತಿ ಮೀಟಿದರೆ ಅಂಚಿನಲ್ಲಿ ಒಡೆಯುತ್ತದೆ, ಮತ್ತು ಈ ಎರಡರ ನಡುವಿನ ಹಾದಿ ಮೊದಲಿಗಿಂತ ಉದ್ದವಾಗಿದೆ. ಹಿಸ್ ಕೂಡ ತಗ್ಗಿತು. 12ಎವೈ7 ಇನ್ನೂ ಮೃದುವಾಗಿತ್ತು, ಆದರೆ ಬಲವಾದ ಸಂಕೇತ ಕೊಡುವ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಜೋಡಿ ಸುರುಳಿ) ಇಲ್ಲದ ಗಿಟಾರಿಗೆ ತೀರ ಸೌಮ್ಯವೆನಿಸಿ ತೆಗೆದುಬಿಟ್ಟೆ. ಅದೇ ಜಾಗದಲ್ಲಿ 12ಎಟಿ7 ನನಗೆ ಹಿಡಿಸಲಿಲ್ಲ: ಅದು ಹೆಚ್ಚು ವಿದ್ಯುತ್ ಪ್ರವಾಹವನ್ನು ಬಯಸುವ ಟ್ಯೂಬ್, 12ಎಎಕ್ಸ್7ಗಾಗಿ ಲೆಕ್ಕ ಹಾಕಿದ ರೆಸಿಸ್ಟರುಗಳ ನಡುವೆ ನಾದ ಮಂಕಾಗಿ, ಬಿಗಿದಂತೆ ಕೇಳಿಸುತ್ತದೆ.

ರಿವರ್ಬ್ ನಡೆಸುವ ಮೂರನೆಯ ಸ್ಥಾನದಲ್ಲಿ 12ಎಟಿ7 ತೆಗೆದು 12ಎಯು7 ಹಾಕಿದ್ದೂ ಸಾರ್ಥಕವಾಯಿತು. ಮೂಲದಲ್ಲಿ ರಿವರ್ಬ್ ಗುಬ್ಬಿ 3ಕ್ಕೆ ಬರುವಷ್ಟರಲ್ಲೇ ಧ್ವನಿಯನ್ನು ಮುಳುಗಿಸುತ್ತಿತ್ತು. ಈಗ ಅದರ ಇಡೀ ಸುತ್ತು ಬಳಕೆಗೆ ಬರುತ್ತದೆ. ನಾರ್ಮಲ್ ಚಾನೆಲ್ ಬಳಸದವರು ಮೊದಲನೆಯ ಟ್ಯೂಬನ್ನು ತೆಗೆದಿಟ್ಟು ನೋಡಬಹುದು: ಎರಡೂ ಚಾನೆಲ್ಲುಗಳು ಒಂದು ಕ್ಯಾಥೋಡ್ ರೆಸಿಸ್ಟರನ್ನು (ಟ್ಯೂಬಿನ ಪ್ರವಾಹವನ್ನು ಗೊತ್ತುಮಾಡುವ ರೋಧಕ) ಹಂಚಿಕೊಂಡಿರುವುದರಿಂದ ವೈಬ್ರಾಟೊ ಚಾನೆಲ್ಲಿಗೆ ತುಸು ಹುರುಪು ಬರುತ್ತದೆ. ಇದಕ್ಕೆ ಖರ್ಚೇ ಇಲ್ಲ.

ಸ್ಪೀಕರಿಗೆ ಶಕ್ತಿ ಕೊಡುವ ಎರಡು 6ವಿ6ಗಳ, ಅಂದರೆ ಪವರ್ ಟ್ಯೂಬುಗಳ ಕಥೆ ಬೇರೆ. ಪ್ರೀಆಂಪ್ ಟ್ಯೂಬನ್ನು (ಮೇಲೆ ಹೇಳಿದ ಸಣ್ಣ ಟ್ಯೂಬುಗಳಲ್ಲಿ ಯಾವುದನ್ನಾದರೂ) ಆಂಪ್ ಆರಿಸಿ, ತಣಿದ ಮೇಲೆ, ಲೋಹದ ಮುಚ್ಚಳ ಕಳಚಿ, ಮೆಲ್ಲಗೆ ಅಲ್ಲಾಡಿಸುತ್ತ ಎಳೆದರೆ ಕೆಲಸ ಮುಗಿಯಿತು. 6ವಿ6 ಬದಲಾಯಿಸಿದರೆ ಬಯಾಸ್, ಅಂದರೆ ಏನೂ ನುಡಿಸದಿರುವಾಗ ಟ್ಯೂಬಿನಲ್ಲಿ ಹರಿಯುವ ಪ್ರವಾಹದ ಹೊಂದಾಣಿಕೆಯನ್ನು ನೋಡಲೇಬೇಕು. 6ವಿ6ಜಿಟಿ ಟ್ಯೂಬಿನ ಪ್ಲೇಟು (ಒಳಗಿನ ಲೋಹದ ತಗಡು) ತಾಳುವ ಶಾಖಮಿತಿಯನ್ನು ಹಳೆಯ ಕ್ರಮದಲ್ಲಿ 12 ವ್ಯಾಟ್ ಎಂದೂ ಗರಿಷ್ಠ ಲೆಕ್ಕದಲ್ಲಿ 14 ವ್ಯಾಟ್ ಎಂದೂ ಹೇಳುತ್ತಾರೆ. ಈ ಮಿತಿಯ ಶೇಕಡಾ 70ಕ್ಕೆ ಇಡುವ ರೂಢಿಯ ಲೆಕ್ಕ ಹಿಡಿದರೆ, ಪ್ಲೇಟಿನಲ್ಲಿ 420 ವೋಲ್ಟ್ ಇದ್ದಾಗ, ಪ್ರತಿ ಟ್ಯೂಬಿಗೆ 20ರಿಂದ 23 ಮಿಲಿ ಆಂಪಿಯರ್ ಬರುತ್ತದೆ. ನಾನು ಕೆಳಗಿನ ತುದಿಗೇ ಇಟ್ಟುಕೊಂಡಿದ್ದೇನೆ. ನಾದದಲ್ಲಿ ಕಳೆದುಕೊಂಡದ್ದೇನೂ ಕಾಣಲಿಲ್ಲ, ಟ್ಯೂಬಿನ ಆಯಸ್ಸು ಮಾತ್ರ ಹೆಚ್ಚುತ್ತದೆ. ಬಯಾಸ್ ತೀರ ಕಡಿಮೆಯಾದರೆ ಸ್ವರ ಒಣಗಿ ಗರಗಸದಂತೆ ಕೊರೆಯುತ್ತದೆ, ಹೆಚ್ಚಾದರೆ ಪ್ಲೇಟು ಕೆಂಪಾಗುತ್ತದೆ. ಸಾಕೆಟ್ಟಿನ ನಡುವೆ ಕೂರುವ ಬಯಾಸ್ ಪ್ರೋಬಿನಿಂದ ಪ್ರವಾಹವನ್ನು ಅಳೆಯಬಹುದು, ಆದರೆ ಷಾಸಿಯ (ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆ) ಒಳಗೆ ಕೈ ಹಾಕುವ ಕೆಲಸವನ್ನು ಬಲ್ಲ ತಂತ್ರಜ್ಞರಿಗೇ ಬಿಡಬೇಕು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಒಂದು ದೂರು ಇದೆ. ಹೊಂದಿಸಿದ ಜೋಡಿ ಎಂಬ ಚೀಟಿ ಅಂಟಿಸಿ ಮಾರಿದ 6ವಿ6 ಜೋಡಿಯೊಂದನ್ನು ಅಳೆದಾಗ ಎರಡರ ನಡುವೆ 6 ಮಿಲಿ ಆಂಪಿಯರ್ ಅಂತರ ಬಂತು, ಕೆಲವು ತಿಂಗಳಲ್ಲಿ ಅವುಗಳಲ್ಲೊಂದು ಗುಂಯ್‌ಗುಡಲು ತೊಡಗಿತು. ಮಾರಿದವರು ಬದಲಿ ಕೊಟ್ಟರು, ಆದರೆ ಚೀಟಿಯ ಮೇಲಿನ ಅಂಕಿಗಳು ಯಾವ ವೋಲ್ಟೇಜಿನಲ್ಲಿ ಅಳೆದವು ಎಂಬುದನ್ನು ಕೊನೆಗೂ ಹೇಳಲಿಲ್ಲ. ಕೊಳ್ಳುವ ಮೊದಲು ಈ ಪ್ರಶ್ನೆಯನ್ನು ಕೇಳಿ. ಉತ್ತರ ಬಾರದಿದ್ದರೆ ಬೇರೆಯವರಲ್ಲಿ ಕೊಳ್ಳಿ.

6ವಿ6 ಜಾಗದಲ್ಲಿ 6ಎಲ್6 ಹಾಕಿ ಹೆಚ್ಚು ಗಟ್ಟಿ ಧ್ವನಿ ಪಡೆಯುವ ಸಲಹೆಯೂ ಚಲಾವಣೆಯಲ್ಲಿದೆ. ಪಿನ್ನುಗಳು ಹೊಂದುತ್ತವೆ ನಿಜ. ಆದರೆ 6ವಿ6ರ ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) 0.45 ಆಂಪಿಯರ್ ಎಳೆದರೆ 6ಎಲ್6ರದ್ದು 0.9 ಎಳೆಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಬೇರೆ ಲೋಡಿಗೆ ತಯಾರಾದದ್ದು. ರೆಕ್ಟಿಫೈಯರ್ ಜಾಗದಲ್ಲಿ 5ಯು4 ಹಾಕುವುದಕ್ಕೂ ಇದೇ ಆಕ್ಷೇಪ: 5ಎಆರ್4ಗೆ ಸಾಕಾಗುವ 1.9 ಆಂಪಿಯರಿನ ಬದಲು ಅದು 3 ಆಂಪಿಯರ್ ಬೇಡುತ್ತದೆ. ನಾನು ಎರಡನ್ನೂ ಮಾಡಿಲ್ಲ. ಇಷ್ಟು ದೊಡ್ಡ ಬದಲಾವಣೆ ಬೇಕಾದವರು ಸ್ಪೀಕರ್ ಬದಲಾಯಿಸಲಿ. ನನ್ನ ಆಂಪಿನಲ್ಲಿ ಎಲ್ಲ ಟ್ಯೂಬುಗಳು ಸೇರಿ ತಂದ ವ್ಯತ್ಯಾಸಕ್ಕಿಂತ ಬೇರೊಂದು ಸ್ಪೀಕರ್ ತಂದ ವ್ಯತ್ಯಾಸ ಹೆಚ್ಚಿನದು.

ನಿರ್ವಹಣೆಯ ವಿಷಯದಲ್ಲಿ, ಸ್ಪೀಕರೂ ಅದೇ ಪೆಟ್ಟಿಗೆಯಲ್ಲಿರುವ ಇಂತಹ ಕಾಂಬೊ ಆಂಪಿನಲ್ಲಿ ಟ್ಯೂಬುಗಳು ಸ್ಪೀಕರಿನ ಬೆನ್ನಿಗೇ ತಲೆಕೆಳಗಾಗಿ ತೂಗಾಡುವುದರಿಂದ ಮೈಕ್ರೋಫೋನಿಕ್ ತೊಂದರೆ (ಟ್ಯೂಬು ತನ್ನ ಅದುರುವಿಕೆಯನ್ನೇ ಧ್ವನಿಯಾಗಿ ಹಿಡಿಯುವುದು) ಬೇಗ ಕಾಣಿಸಿಕೊಳ್ಳುತ್ತದೆ. ಆಂಪ್ ಚಾಲೂ ಇರುವಾಗ ಪೆನ್ಸಿಲಿನ ಮರದ ತುದಿಯಿಂದ ಟ್ಯೂಬನ್ನು ಹಗುರವಾಗಿ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯ ನಾದದಂತಹ ಟಣತ್ಕಾರ ಬಂದರೆ ಅದನ್ನು ಎರಡನೆಯ ಸ್ಥಾನದಿಂದ ತೆಗೆದು ಐದನೆಯದಕ್ಕೆ ಕಳಿಸಿ. ಅಲ್ಲಿ ಅದು ಇನ್ನೂ ಬಹುಕಾಲ ದುಡಿಯುತ್ತದೆ. ಪವರ್ ಟ್ಯೂಬಿನ ಗಾಜಿನ ಒಳಮೈಯಲ್ಲಿ ಕಾಣುವ ನೀಲಿ ಹೊಳಪಿಗೆ ಹೆದರಬೇಕಾಗಿಲ್ಲ. ಉಳಿದ ಅನಿಲವನ್ನು ಹೀರಲು ಗಾಜಿನ ಒಳಗಿರುವ, ಬೆಳ್ಳಿಯಂತೆ ಹೊಳೆಯುವ ಗೆಟರ್ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಮಾತ್ರ ಒಳಗೆ ಗಾಳಿ ನುಗ್ಗಿದೆ ಎಂದರ್ಥ, ಅದನ್ನು ಎಸೆಯಬೇಕು. ಆಂಪಿನೊಂದಿಗೆ ಬಂದ ಮೂಲ ಟ್ಯೂಬುಗಳನ್ನು ನಾನು ಸ್ಥಾನದ ಸಂಖ್ಯೆ ಬರೆದು ಎತ್ತಿಟ್ಟಿದ್ದೇನೆ: ಕರಕರ ಶಬ್ದವೋ ಧ್ವನಿ ಕುಗ್ಗುವುದೋ ಶುರುವಾದಾಗ, ಸರಿಯಿದೆಯೆಂದು ಗೊತ್ತಿರುವ 12ಎಎಕ್ಸ್7 ಒಂದನ್ನು ಸ್ಥಾನದಿಂದ ಸ್ಥಾನಕ್ಕೆ ಹಾಕಿ ನೋಡಿದರೆ ಕೆಟ್ಟಿರುವ ಪ್ರೀಆಂಪ್ ಟ್ಯೂಬ್ ಯಾವುದೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ.