ಒಡೆಯುವ ಅಲೆ ಅಳೆಯಲು ನನ್ನ ಓಟು ಲೇಸರ್ ಸ್ಕ್ಯಾನರ್‌ಗೆ

ಪೀಣ್ಯದಲ್ಲಿ ಸೆಕೆಂಡ್ ಹ್ಯಾಂಡ್ ಲೇಸರ್ ಸ್ಕ್ಯಾನರ್ ಸಿಕ್ಕಿದ್ದು ನನ್ನ ಪುಣ್ಯ. ಗೋದಾಮಿನಲ್ಲಿ ತಾನಾಗಿ ಓಡುವ ಗಾಡಿಗಳಿಗೆ ಎದುರು ಏನಿದೆ ಅಂತ ತೋರಿಸುವ ಜಾತಿಯದು; ಕಿರಣ ಬಿಟ್ಟು, ಅದು ತಾಗಿ ವಾಪಸ್ ಬಂದದ್ದರಿಂದ ದೂರ ಅಳೆಯುತ್ತದೆ. ಬೆಂಗಳೂರಿಗೆ ಕಡಲಿಲ್ಲವಲ್ಲ, ರಾತ್ರಿ ಬಸ್ಸಿಗೆ ಮಲ್ಪೆಗೆ ಹೊತ್ತೊಯ್ದೆ. ಜೊತೆಗೆ ಪ್ರೆಶರ್ ಸೆನ್ಸರ್ ಮತ್ತು ಜೋಡಿ ಕ್ಯಾಮೆರಾ.

ಪ್ರೆಶರ್ ಸೆನ್ಸರ್ ಅಗ್ಗ, ತಳದಲ್ಲಿ ಕಟ್ಟಿ ಬಂದರೆ ಆಯಿತು. ಆದರೆ ಅಲೆಯ ಒತ್ತಡ ಕೆಳಗೆ ಹೋದಷ್ಟೂ ಸೊರಗುತ್ತದೆ. 2 ಮೀಟರ್ ಆಳದಲ್ಲಿ, 2 ಸೆಕೆಂಡಿಗೊಂದು ಬರುವ ಸಣ್ಣ ಅಲೆಯ ಒತ್ತಡ ತಳಕ್ಕೆ ಮುಟ್ಟುವುದು ಕಾಲುಭಾಗದಷ್ಟೇ. ಅದನ್ನು ಸೂತ್ರ ಹಾಕಿ ಹಿಗ್ಗಿಸಿದರೆ ಗದ್ದಲವೂ, ಅಂದರೆ ಅಲೆಯದಲ್ಲದ ಸುಳ್ಳು ಏರಿಳಿತವೂ, ಹಿಗ್ಗುತ್ತದೆ. ಒಡೆಯುವ ಅಲೆಯ ಚೂಪು ನೆತ್ತಿ ಮೊಂಡಾಗಿ ಬರುತ್ತದೆ. ನನಗೆ ಬೇಕಾಗಿದ್ದೇ ಆ ನೆತ್ತಿ!

ಕ್ಯಾಮೆರಾ ಇಡೀ ನೀರಿನ ಮೈಯನ್ನು ಕೊಡುತ್ತದೆ, ಆದರೆ ಕತ್ತಲಾದರೆ ಕೆಲಸ ನಿಂತಿತು.

ಸ್ಕ್ಯಾನರ್‌ನಲ್ಲಿ ತಲೆ ತಿಂದಿದ್ದು ಒಂದೇ ವಿಷಯ. ನಯವಾದ ನೀರಿನ ಮೇಲೆ ಕಿರಣ ಓರೆಯಾಗಿ ಬಿದ್ದರೆ ಕನ್ನಡಿಗೆ ಬಿದ್ದ ಹಾಗೆ ಆಚೆಗೇ ಹಾರಿಹೋಗುತ್ತದೆ, ವಾಪಸ್ ಬರುವುದಿಲ್ಲ. ನೊರೆ ಮಾತ್ರ ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಹಾಗಾಗಿ ಪರದೆಯಲ್ಲಿ ಒಡೆದ ಅಲೆ ಗೆರೆ ಎಳೆದಷ್ಟು ಸ್ಪಷ್ಟ, ಅದರ ಮುಂದಿನ ತಗ್ಗು ಪೂರ್ತಿ ಖಾಲಿ. ತಗ್ಗು ಗೊತ್ತಿಲ್ಲದೆ ಅಲೆಯ ಎತ್ತರ ಹೇಳುವುದು ಹೇಗೆ?

ಸರಿಹೋಗಿದ್ದು ಸ್ಕ್ಯಾನರ್ ಕೂರಿಸಿದ ಕಂಬ ಎತ್ತರಿಸಿದ ಮೇಲೆ. ಕಿರಣ ನೆಟ್ಟಗೆ ಕೆಳಗೆ ಬಿದ್ದಷ್ಟೂ ನಯವಾದ ನೀರಿನಿಂದಲೂ ವಾಪಸ್ ಬರುತ್ತದೆ. ನೆತ್ತಿಯ ಹಿಂದೆ ಮರೆಯಾಗುವ ಜಾಗವೂ ಕಡಿಮೆ. ಜಾಸ್ತಿ ಎತ್ತರಿಸಿದರೆ ಗಾಳಿಗೆ ಕಂಬ ತೂಗಿ, ಆ ತೂಗಾಟವೇ ಅಲೆಯ ಹಾಗೆ ದಾಖಲಾಗುತ್ತದೆ. ಮೂರು ಕಡೆ ಹಗ್ಗ ಬಿಗಿದು ಕಟ್ಟಲೇಬೇಕು. ಮಳೆ ಬಿದ್ದು ನೀರು ಕೆಂಪಾದ ದಿನ ಇನ್ನೂ ಅನುಕೂಲ, ಮಣ್ಣಿನ ಕಣಗಳೇ ಬೆಳಕನ್ನು ವಾಪಸ್ ಕಳಿಸುತ್ತವೆ. ಆದರೂ ಉಳಿದ ದೊಡ್ಡ ಖಾಲಿ ಜಾಗಗಳನ್ನು ನಾನು ಅಂದಾಜಿಗೆ ತುಂಬುವುದಿಲ್ಲ, ಹಾಗೇ ಬಿಡುತ್ತೇನೆ.

ಇನ್ನು ಸಣ್ಣಪುಟ್ಟದ್ದು. 24 ವೋಲ್ಟ್ ಬೇಕು, 12ರ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದೆ. ಗಾಜಿನ ಮೇಲೆ ಉಪ್ಪು ಕೂರುತ್ತದೆ, ಸಿಹಿನೀರು ಮತ್ತು ಹತ್ತಿ ಬಟ್ಟೆ ಜೊತೆಗಿರಲಿ. ಕ್ಲಾಸ್ 1 ಲೇಸರ್, ಕಣ್ಣಿಗೆ ಅಪಾಯವಿಲ್ಲ. ಬೀಚಿಗೆ ಬಂದವರು ಮೊದಲು ಕೇಳುವುದೇ ಇದನ್ನು.

ವಾರಗಟ್ಟಲೆ ಅಲ್ಲೇ ಬಿಟ್ಟು ಬರುವವರಿಗೆ ಪ್ರೆಶರ್ ಸೆನ್ಸರೇ ಸರಿ. ನಾನು ಶನಿವಾರ ಹೋಗಿ ಭಾನುವಾರ ಹೊರಡುವವನು. ನೀರಿಗೆ ಇಳಿಯದೆ, ಅವತ್ತೇ ಸಂಜೆ ಲ್ಯಾಪ್‌ಟಾಪಿನಲ್ಲಿ ಅಲೆಯ ಆಕಾರ ನೋಡಬೇಕು ನನಗೆ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ದುಬಾರಿ ಸ್ಕ್ಯಾನರ್‌ಗಿಂತ ಮೊದಲು ಗಟ್ಟಿ ಕಂಬ ತಗೊಳ್ಳಿ.