ಕರಾವಳಿಯಲ್ಲಿ ಹಳೆಯ ಬೋಲ್ಟ್ ರೈಫಲ್: .315 ಮತ್ತು ಮೌಸರ್, ಹುಳಿ ಮತ್ತು ಕುದಿನೀರು

ಸೇನೆ ಕೈಬಿಟ್ಟ ಬ್ರಿಟಿಷ್ ಮಾದರಿಯ ಲೀ-ಎನ್‌ಫೀಲ್ಡ್ ರೈಫಲನ್ನು ಅಗ್ಗಕ್ಕೆ ಕೊಂಡು ಹೊಸತರಂತೆ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಅದೆಲ್ಲ ಹೊರದೇಶದ ಮಾತು. ನಮ್ಮಲ್ಲಿ ಆ ರೈಫಲಿನ .303 ಮತ್ತು 7.62 ಎರಡೂ ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ). ತೋಟ ಕಾಯುವ ಕೋವಿಯ ಲೈಸೆನ್ಸಿನಲ್ಲಿ ಅವು ಬರುವುದಿಲ್ಲ. ಮಂಗಳೂರು, ಉಡುಪಿ ಕಡೆ ಸೆಕೆಂಡ್ ಹ್ಯಾಂಡ್ ಸಿಗಬಹುದಾದ ಬೋಲ್ಟ್ ರೈಫಲುಗಳಲ್ಲಿ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವಂಥವು) ಹೋಲಿಸಿ ನೋಡಬೇಕಾದವು ಎರಡು: ಪಶ್ಚಿಮ ಬಂಗಾಳದ ಇಶಾಪುರ ಸರ್ಕಾರಿ ಕಾರ್ಖಾನೆಯ .315, ಮತ್ತು ಜರ್ಮನಿಯ ಮೌಸರ್ 98 ಮಾದರಿಯ ಬೋಲ್ಟಿನ ಹಳೆಯ ವಿಲಾಯತಿ .30-06. ಎರಡನ್ನೂ ಬಿಚ್ಚಿ, ತೊಳೆದು, ಮಳೆಗಾಲ ದಾಟಿಸಿ ನೋಡಿದ ಮೇಲಿನ ಹೋಲಿಕೆ ಇದು. ಇದರ ಹೆಚ್ಚಿನ ಭಾಗ ತುಕ್ಕಿನ ಬಗ್ಗೆಯೇ ಇದೆ. ಈ ಗಾಳಿಯಲ್ಲಿ ಕೋವಿಯ ಆಯುಷ್ಯ ತೀರ್ಮಾನವಾಗುವುದು ಅದರ ಹೆಸರಿನಿಂದಲ್ಲ, ಮರದ ಅಡಿಯಲ್ಲಿ ಕಣ್ಣಿಗೆ ಬೀಳದ ಕಬ್ಬಿಣದಿಂದ.

ಮೊದಲು ಕಾಗದ. ಕೊಳ್ಳುವವರ ಲೈಸೆನ್ಸಿನಲ್ಲಿ ಆ ಬೋರ್ ನಮೂದಾಗಿರಬೇಕು. ಮಾರುವವರು ಜಿಲ್ಲಾಧಿಕಾರಿ ಕಚೇರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಲೈಸೆನ್ಸಿನ ಸಂಖ್ಯೆಯನ್ನು ಕೋವಿಯ ಮೇಲಿನ ಕೆತ್ತನೆಯೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ನಳಿಗೆ ತುಂಡರಿಸುವುದು ಅಪರಾಧ. ಬಾಯಿ ಹತ್ತಿರ ತುಕ್ಕು ತಿಂದಿದೆ ಎಂದು ಅರ್ಧ ಇಂಚು ಕತ್ತರಿಸುವ ಯೋಚನೆಯೂ ಬೇಡ.

ಎರಡು ರೈಫಲುಗಳು

ಇಶಾಪುರದ .315 ನೋಡಲು ಬೇರೆ, ಒಳಗೆ ಹೆಚ್ಚುಕಡಿಮೆ ಅದೇ ಲೀ-ಎನ್‌ಫೀಲ್ಡ್. 1907ರ ಮಾರ್ಕ್ 3 ಮಾದರಿಯ ಬೋಲ್ಟನ್ನೇ ಉಳಿಸಿಕೊಂಡು, ಅಂಚುಳ್ಳ 8×50 ಮ್ಯಾನ್ಲಿಕರ್ ತೋಟೆಗೆ ನಳಿಗೆ ಕೊರೆದಿದ್ದಾರೆ. ಮ್ಯಾಗಜಿನ್ನಿಗೆ 5 ತೋಟೆ. ಬೋಲ್ಟನ್ನು ಹಿಂದಿನ ತುದಿಯಲ್ಲಿ ಲಾಕ್ ಮಾಡುವ ವ್ಯವಸ್ಥೆ ಇದರದ್ದು, ಮುಚ್ಚುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಮೌಸರ್ 98ರಲ್ಲಿ ಲಾಕ್ ಆಗುವ ಹಲ್ಲುಗಳು ಮುಂದಿವೆ, ತೆರೆಯುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ತೋಟೆಯನ್ನು ಹಿಡಿದೆಳೆಯುವ ಉದ್ದನೆಯ ಪಂಜವಿದೆ. ಗಟ್ಟಿತನದಲ್ಲಿ ಮೌಸರ್ ಮುಂದು, ಅದರಲ್ಲಿ ಅನುಮಾನವಿಲ್ಲ. ಬಿಚ್ಚಿ ಒರೆಸುವ ಸಲೀಸಿನಲ್ಲಿ .315 ಮುಂದು: ಬೋಲ್ಟನ್ನು ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಇಡೀ ಬೋಲ್ಟ್ ಕೈಗೆ ಬರುತ್ತದೆ.

.315ರಲ್ಲಿ ಮೊದಲು ನೋಡಬೇಕಾದದ್ದು ಬೋಲ್ಟಿನ ಹಿಡಿಯ ಮೇಲಿನ ಸಂಖ್ಯೆ. ಅದು ಬಾಡಿಯ (ನಳಿಗೆ, ಬೋಲ್ಟ್ ಕೂರುವ ಉಕ್ಕಿನ ಭಾಗದ) ಸಂಖ್ಯೆಗೆ ಹೊಂದದಿದ್ದರೆ ಬೇರೆ ರೈಫಲಿನ ಬೋಲ್ಟ್ ಸೇರಿದೆ ಎಂದರ್ಥ. ತೋಟೆಯ ಹಿಂಭಾಗಕ್ಕೂ ಬೋಲ್ಟಿಗೂ ನಡುವಿನ ಅಂತರ ಇಲ್ಲಿ ಬೋಲ್ಟಿನ ತಲೆಯ ಉದ್ದದಿಂದ ಹೊಂದುತ್ತದೆ. ಬೋಲ್ಟ್ ಬದಲಾದರೆ ಅಂತರವೂ ಬದಲಾಗುತ್ತದೆ. ಹೊಡೆದ ಖಾಲಿ ತೋಟೆ ಕೇಳಿ ಪಡೆಯಿರಿ. ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹಿತ್ತಾಳೆಯಲ್ಲಿ ಹೊಳೆಯುವ ಉಂಗುರ ಕಂಡರೆ, ಅಥವಾ ತುದಿ ಬಗ್ಗಿಸಿದ ತೆಳು ತಂತಿಯನ್ನು ಒಳಗೆ ಸವರಿದಾಗ ಅಲ್ಲಿ ತೋಡು ಸಿಕ್ಕಿದರೆ, ತೋಟೆ ಎಳೆದುಕೊಂಡು ತುಂಡಾಗುವ ಹಂತದಲ್ಲಿದೆ. ಅಂಥ ರೈಫಲನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಗೇಜ್ ಹಾಕಿ ನೋಡುವ ತನಕ ಹೊಡೆಯಬಾರದು.

ಮೌಸರಿನಲ್ಲಿ ತೊಂದರೆ ಬೇರೆ ಕಡೆ. ಒಂಟಿ ತೋಟೆಯನ್ನು ನೇರವಾಗಿ ನಳಿಗೆಗೆ ಹಾಕಿ ಬೋಲ್ಟ್ ತಳ್ಳುವ ಅಭ್ಯಾಸದಿಂದ ಪಂಜದ ತುದಿ ಮುರಿಯುತ್ತದೆ. ತೋಟೆ ಮ್ಯಾಗಜಿನ್ನಿನಿಂದಲೇ ಪಂಜದ ಅಡಿಗೆ ಜಾರಿ ಬರಬೇಕು. ಇನ್ನೊಂದು, ಈ ಬೋಲ್ಟಿನ ಮೇಲೆ ಬೇರೆ ಬೇರೆ ಬೋರಿನ ರೈಫಲುಗಳು ಕಟ್ಟಲ್ಪಟ್ಟಿವೆ. ಮಾತು ನಂಬಬೇಡಿ, ನಳಿಗೆಯ ಮೇಲಿನ ಗುರುತು ಓದಿ.

ನಳಿಗೆಯ ಒಳಗು ಎರಡಕ್ಕೂ ಒಂದೇ ಪರೀಕ್ಷೆ. ಬೋಲ್ಟ್ ತೆಗೆದು ಬೆಳಕಿನ ಕಡೆ ಹಿಡಿಯಿರಿ. ಒಳಗು ಕಪ್ಪಾಗಿದ್ದರೂ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಅಂಚು ಚೂಪಾಗಿದ್ದರೆ ಕೊಳ್ಳಬಹುದು. ಹೊಳೆಯುತ್ತಿದ್ದು ಅಂಚು ಸವೆದಿದ್ದರೆ ಬೇಡ. ಬಿಗಿಯಾದ ಬಟ್ಟೆ ಸುತ್ತಿದ ಸರಳನ್ನು ನಿಧಾನಕ್ಕೆ ತಳ್ಳುವಾಗ ಒಂದು ಕಡೆ ಥಟ್ಟನೆ ಸಡಿಲವಾದರೆ ಅಲ್ಲಿ ನಳಿಗೆ ಉಬ್ಬಿದೆ, ಅದಕ್ಕೆ ಮದ್ದಿಲ್ಲ. ನನ್ನ ಆಯ್ಕೆ .315. ಮೌಸರ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಬಿಡಬಾರದು, ಆದರೆ ಮುರಿದ ಪಂಜಕ್ಕೆ, ಸ್ಪ್ರಿಂಗಿಗೆ ಬದಲಿ ಹುಡುಕುವುದು ಇಲ್ಲಿ ದೊಡ್ಡ ಕೆಲಸ.

ಬಿಚ್ಚುವ ಕ್ರಮ

ಮ್ಯಾಗಜಿನ್ ತೆಗೆದು, ನಳಿಗೆಯೊಳಗೆ ಬೆರಳಿಟ್ಟು ಖಾಲಿ ಎಂದು ಖಚಿತಪಡಿಸಿಕೊಂಡ ಮೇಲೆ ಉಳಿದದ್ದು. .315ರಲ್ಲಿ ಮುಂದಿನ ಮರ ಮೊದಲು, ಹಿಂದಿನ ಬಟ್ ಆಮೇಲೆ. ಮಾರ್ಕ್ 3 ಮಾದರಿಯಲ್ಲಿ ಬಟ್ಟಿನೊಳಗಿನ ಉದ್ದ ಬೋಲ್ಟಿನ (ಇದು ಮರ ಬಿಗಿಯುವ ತಿರುಪು, ತೋಟೆ ತಳ್ಳುವ ಬೋಲ್ಟಲ್ಲ) ಚೌಕ ತುದಿ ಮುಂದಿನ ಮರದ ಹಿಂಬದಿಯ ತಗಡಿನಲ್ಲಿ ಕೂತಿರುತ್ತದೆ. ಮುಂದಿನ ಮರ ತೆಗೆಯದೆ ಅದನ್ನು ತಿರುಗಿಸಿದರೆ ಮರ ಉದ್ದಕ್ಕೆ ಸೀಳುತ್ತದೆ. ಹಳೆಯ ಎನ್‌ಫೀಲ್ಡುಗಳಲ್ಲಿ ಕಾಣುವ ಎಷ್ಟೋ ಸೀಳುಗಳಿಗೆ ಇದೇ ಕಾರಣ. ಸ್ಕ್ರೂ ಅಲುಗದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಟ್ಟು, ತೋಡಿಗೆ ಸರಿಯಾಗಿ ತುಂಬುವಂತೆ ಅರದಿಂದ ಉಜ್ಜಿದ ಸ್ಕ್ರೂಡ್ರೈವರನ್ನೇ ಬಳಸಿ. ನಳಿಗೆಯನ್ನು ಬಾಡಿಯಿಂದ ಬಿಚ್ಚಬೇಡಿ. ಟ್ರಿಗರ್, ಸಿಯರ್ (ಟ್ರಿಗರ್ ಒತ್ತುವ ತನಕ ಫೈರಿಂಗ್ ಪಿನ್ ಹಿಡಿದಿಡುವ ಕೊಂಡಿ), ಫೈರಿಂಗ್ ಪಿನ್ ಗನ್‌ಸ್ಮಿತ್ ಕೆಲಸ.

ತುಕ್ಕು ತೆಗೆಯುವ ನಾಲ್ಕು ದಾರಿ

ಮರ ಎತ್ತಿದ ಕೂಡಲೇ ನಳಿಗೆಯ ಅಡಿಭಾಗ ಕಾಣುತ್ತದೆ. ಮೇಲೆ ಕನ್ನಡಿಯಂತಿದ್ದ ರೈಫಲಿನ ಅಡಿಯಲ್ಲಿ ಕೆಂಪು ಪದರ ಏಳುವಷ್ಟು ತುಕ್ಕಿರುವುದು ಕರಾವಳಿಯಲ್ಲಿ ಸಾಮಾನ್ಯ. ಒದ್ದೆಯಾದ ಮರ ನೀರನ್ನು ತಿಂಗಳುಗಟ್ಟಲೆ ಕಬ್ಬಿಣಕ್ಕೆ ಒತ್ತಿ ಹಿಡಿದಿರುತ್ತದೆ.

ಹುಳಿ ಎಲ್ಲಕ್ಕಿಂತ ವೇಗ. ವಿನೆಗರ್, ಹುಣಸೆ, ಬಿಂಬುಳಿ ಯಾವುದಾದರೂ ಕೆಂಪು ತುಕ್ಕನ್ನು ರಾತ್ರಿ ಬೆಳಗಾಗುವುದರೊಳಗೆ ತಿನ್ನುತ್ತದೆ. ಜೊತೆಗೆ ಬ್ಲೂಯಿಂಗನ್ನೂ ತಿನ್ನುತ್ತದೆ, ಏಕೆಂದರೆ ಆ ಕಪ್ಪು-ನೀಲಿ ಬಣ್ಣವೂ ಕಬ್ಬಿಣದ ಆಕ್ಸೈಡೇ. ಉಳಿಯುವುದು ಬೂದಿ ಬಣ್ಣದ ಬರಿ ಉಕ್ಕು, ಅದು ಜೂನ್‌ನಲ್ಲಿ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಅಂಗಡಿಯ ರಸ್ಟ್ ರಿಮೂವರುಗಳಲ್ಲಿ ಫಾಸ್ಫಾರಿಕ್ ಆಮ್ಲದವಕ್ಕೂ ಇದೇ ಮಾತು. ಬಣ್ಣ ಉಳಿಯಬೇಕಿದ್ದರೆ ಹುಳಿ ಹತ್ತಿರ ಸುಳಿಯಬಾರದು.

ವಿದ್ಯುತ್ ದಾರಿ ಮ್ಯಾಗಜಿನ್ ಪೆಟ್ಟಿಗೆ, ಟ್ರಿಗರ್ ಗಾರ್ಡ್, ಪಟ್ಟಿಯ ಬಳೆಯಂಥ ಬಣ್ಣ ಪೂರ್ತಿ ಹೋದ ತುಂಡುಗಳಿಗೆ ಚೆನ್ನಾಗಿದೆ. ಪ್ಲಾಸ್ಟಿಕ್ ಬಕೆಟಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ಮೈನಸ್ ತುಕ್ಕಿನ ತುಂಡಿಗೆ, ಪ್ಲಸ್ ಹಳೆಯ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲನ್ನು ಪ್ಲಸ್‌ಗೆ ಕಟ್ಟಬೇಡಿ, ಅದರಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಗಾಳಿಯಾಡುವ ಜಗಲಿಯಲ್ಲಿಡಿ. ಸ್ಪ್ರಿಂಗ್, ಬೋಲ್ಟ್, ಪಂಜ ಇದಕ್ಕೆ ಹಾಕಬಾರದು. ಗಟ್ಟಿ ಮಾಡಿದ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತದೆ.

ನಾಲ್ಕು ಸೊನ್ನೆಯ ಸ್ಟೀಲ್ ವುಲ್ ಮತ್ತು ಎಣ್ಣೆ ತೆಳುವಾದ ತುಕ್ಕಿಗೆ ಸಾಕು. ಚಿಮಿಣಿ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಮರುದಿನ ಒತ್ತದೆ ಉಜ್ಜಿ. ಎದ್ದು ನಿಂತ ಪದರವಿದ್ದರೆ ಹಿತ್ತಾಳೆಯ ತುಂಡಿನಿಂದ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ಮರಳು ಕಾಗದ ಬೇಡ. ಕುಳಿ ಬಿದ್ದ ಕಡೆ ಕುಳಿ ಹೋಗುವ ತನಕ ಉಜ್ಜಿದರೆ ನಳಿಗೆ ತೆಳುವಾಗುತ್ತದೆ, ಅಕ್ಷರಗಳು ಅಳಿಯುತ್ತವೆ.

ಎಲ್ಲಕ್ಕಿಂತ ಒಳ್ಳೆಯ ಫಲ ಕೊಟ್ಟದ್ದು ಕುದಿನೀರು. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಹಿಂದಿನ ಕೋವಿ ಕೆಲಸದವರು ನಳಿಗೆಗೆ ಬಣ್ಣ ಬರಿಸುತ್ತಿದ್ದ ದಾರಿಯೂ ಇದೇ ತತ್ವದ್ದು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 100 ಸೆಂಟಿಮೀಟರ್ ಉದ್ದ, 12 ಅಗಲ, 12 ಆಳದ ತೊಟ್ಟಿ ಮಾಡಿಸಿ. ಮರ ಬಿಚ್ಚಿದ ನಳಿಗೆ ಮತ್ತು ಬಾಡಿಯ ಉದ್ದ ಮೊದಲೇ ಅಳೆದುಕೊಳ್ಳಿ. ಸತು ಲೇಪದ ತಗಡು ಬೇಡ, ಸಾದಾ ಉಕ್ಕು ಸಾಕು. ಎರಡು ಬರ್ನರಿನ ಒಲೆಯ ಮೇಲೆ ಇದು ಅಡ್ಡ ಕೂರುತ್ತದೆ, 10 ಲೀಟರ್ ನೀರು ಬೇಕು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರೇ ಆಗಬೇಕು. ಸಮುದ್ರದ ಹತ್ತಿರದ ಬಾವಿನೀರಿನಲ್ಲಿ ಉಪ್ಪಿನಂಶವಿರುತ್ತದೆ, ಅದರಲ್ಲಿ ಕುದಿಸಿದರೆ ಒಣಗುವ ಮೊದಲೇ ಹೊಸ ಕೆಂಪು ಚುಕ್ಕೆ ಏಳುತ್ತದೆ.

ಮರ, ಬೋಲ್ಟ್, ಟ್ರಿಗರ್ ಭಾಗಗಳೆಲ್ಲ ಹೊರಗಿದ್ದಾಗ ನಳಿಗೆಯನ್ನು ಥಿನ್ನರಿನಿಂದ ಎರಡು ಸಲ ಒರೆಸಿ, ಆಮೇಲೆ ಬರಿಗೈ ತಾಗಿಸಬೇಡಿ. ಉರಿಯ ಹತ್ತಿರ ಥಿನ್ನರ್ ಇರಕೂಡದು. ನೀರು ಕುದಿ ಬಂದ ಮೇಲೆ 30 ನಿಮಿಷ ಮುಳುಗಿಸಿಡಿ, ತಂತಿಯಲ್ಲಿ ಎತ್ತಿ. ಬಿಸಿಗೆ ತಾನೇ ಒಣಗುತ್ತದೆ. ಮೇಲೆ ಮಸಿಯಂಥ ಕಪ್ಪು ಪುಡಿ ನಿಂತಿರುತ್ತದೆ. ಥಿನ್ನರಿನಲ್ಲಿ ತೊಳೆದ ಸ್ಟೀಲ್ ವುಲ್‌ನಿಂದ ಹಗುರಾಗಿ ಉಜ್ಜಿ. ಅಂಗಡಿಯ ಸ್ಟೀಲ್ ವುಲ್‌ಗೆ ಎಣ್ಣೆ ಹಚ್ಚಿರುತ್ತದೆ, ತೊಳೆಯದಿದ್ದರೆ ಮುಂದಿನ ಸುತ್ತಿನಲ್ಲಿ ಕಲೆ ಉಳಿಯುತ್ತದೆ. ಕೆಂಪು ಉಳಿದರೆ ಇನ್ನೊಮ್ಮೆ. ಕೊನೆಯ ಸುತ್ತಿನ ನಂತರ ಬೆಚ್ಚಗಿರುವಾಗಲೇ ಒಳಗೂ ಹೊರಗೂ ಎಣ್ಣೆ. ಮೂಲ ಬಣ್ಣ ಉಳಿದು, ತುಕ್ಕಿದ್ದ ಜಾಗವೂ ಕಪ್ಪಾಗಿ ಅದರೊಂದಿಗೆ ಸೇರುತ್ತದೆ. ಬಾಟಲಿಯಲ್ಲಿ ಬರುವ ಕೋಲ್ಡ್ ಬ್ಲೂ ಇದರ ಮುಂದೆ ನಿಲ್ಲುವುದಿಲ್ಲ, ಆ ಪದರಕ್ಕೆ ತುಕ್ಕು ತಡೆಯುವ ಶಕ್ತಿ ಬಹಳ ಕಡಿಮೆ.

ನಳಿಗೆಯ ಒಳಗಿಗೂ ನೀರೇ. ಹಳೆಯ ದಾಸ್ತಾನಿನ ತೋಟೆಗಳ ಕ್ಯಾಪಿನಲ್ಲಿ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲಿನಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ, ಹೊಡೆದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹೊಡೆದ ದಿನವೇ ಬೋಲ್ಟಿನ ಕಡೆಯಿಂದ ಆಲಿಕೆ ಇಟ್ಟು ಒಂದು ಲೀಟರ್ ಕುದಿನೀರು ಬಿಟ್ಟು, ಒಣ ಬಟ್ಟೆ ಎಳೆದು, ಆಮೇಲೆ ಎಣ್ಣೆ ಹಚ್ಚಿ. 4 ಇಂಚು ಉದ್ದ 2 ಇಂಚು ಅಗಲದ ಫ್ಲಾನೆಲ್ ತುಂಡು ಇದಕ್ಕೆ ಸರಿಯಾದ ಅಳತೆ.

ಮರ

ತೆಂಗಿನೆಣ್ಣೆ ಬೇಡ. ಅದು ಒಣಗುವ ಎಣ್ಣೆಯಲ್ಲ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಅರಗಿನ ಪಾಲಿಶ್ ಹೊಳೆಯುತ್ತದೆ, ತೇವಕ್ಕೆ ಬಿಳಿಚುತ್ತದೆ. ಪಿಯು (ಪಾಲಿಯುರೆಥೇನ್) ವಾರ್ನಿಷ್ ಒಂದು ಗೀರು ಬಿದ್ದರೆ ಅಲ್ಲಿಂದ ನೀರು ಒಳಗಿಳಿಸಿಕೊಂಡು ಹೊರಬಿಡುವುದಿಲ್ಲ. ಅಗಸೆ ಎಣ್ಣೆಯೇ ಸರಿ. ಹಸಿಯದಕ್ಕಿಂತ ಕಾಯಿಸಿದ್ದು ಬೇಗ ಒಣಗುತ್ತದೆ.

ಹೀರಿಕೊಂಡ ಹಳೆಯ ಜಿಡ್ಡು ತೆಗೆಯಲು ಚಾಕ್ ಪುಡಿಯನ್ನು ಥಿನ್ನರಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಬ್ರಷ್ ಮಾಡಿ. ಪುಡಿ ಕಂದಾಗುವುದು ನಿಲ್ಲುವ ತನಕ ಇದನ್ನೇ ಮಾಡಿ. ತಗ್ಗಿದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಮರ ಮೇಲೇಳುತ್ತದೆ. ಸೀಳಿಗೆ ಅರಾಲ್ಡೈಟ್, ಅದಕ್ಕೂ ಮೊದಲು ಅಸಿಟೋನಿನಲ್ಲಿ ಜಿಡ್ಡು ಒರೆಸಬೇಕು. ಮೊದಲ ಸುತ್ತಿಗೆ ಎಣ್ಣೆ, ಟರ್ಪೆಂಟೈನ್ ಸಮಸಮ; ಆಮೇಲೆ ಬರಿ ಎಣ್ಣೆ ಅಂಗೈಯಲ್ಲಿ ತಿಕ್ಕಿ, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಪೂರ್ತಿ ಒರೆಸಿ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಜುಲೈಯಲ್ಲಿ ಹಚ್ಚಿದ್ದು ವಾರವಾದರೂ ಅಂಟುತ್ತಲೇ ಇರುತ್ತದೆ. ನಳಿಗೆ ಕೂರುವ ಒಳತೋಡಿಗೂ ಹಚ್ಚಲೇಬೇಕು. ಅದನ್ನು ಎಣ್ಣೆಯಿಲ್ಲದೆ ಬಿಟ್ಟರೆ ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತಿ ಗುರಿ ಸರಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಕಾವು ಏರಿ ಬೆಂಕಿ ಹತ್ತುತ್ತದೆ, ನೀರಿನಲ್ಲಿ ಮುಳುಗಿಸಿಡಿ.

ಮಳೆಗಾಲಕ್ಕೆ ಯಾವ ಎಣ್ಣೆ

ಒಂದೇ ಉಕ್ಕಿನ ತಗಡಿನ ತುಂಡುಗಳಿಗೆ ಒಂದೊಂದು ಎಣ್ಣೆ ಹಚ್ಚಿ ಜಗಲಿಯಲ್ಲಿ ತೂಗುಹಾಕಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಡಬ್ಲ್ಯೂಡಿ-40 ನೀರನ್ನು ಸರಿಸುವುದರಲ್ಲಿ ಮೇಲು, ಕಾಯುವುದರಲ್ಲಿ ಅಲ್ಲ. ಅದರ ಮೇಲೆ ಇನ್ನೊಂದು ಪದರ ಬೇಕು. ಹೊಲಿಗೆ ಯಂತ್ರದ ಎಣ್ಣೆ ಬೋಲ್ಟಿಗೆ ಹಿತ, ಆದರೆ ತೆಳುವಾಗಿ ಹರಿದುಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಒರೆಸಿ ಹಚ್ಚಲು ಆಗುವವರಿಗೆ ಮಾತ್ರ. ತೆಂಗಿನೆಣ್ಣೆ ಇಲ್ಲಿಯೂ ಸೋತಿತು, ಅಂಟಾಗಿ ಹಸಿರುಗಟ್ಟಿತು. ಮರದ ಅಡಿಯ ನಳಿಗೆಗೆ ಲಿಥಿಯಂ ಗ್ರೀಸಿನ ತೆಳು ಪದರ, ಹೊರಗಿನ ಲೋಹಕ್ಕೆ ಪೆಟ್ರೋಲಿಯಂ ಜೆಲ್ಲಿ, ಇವೆರಡೂ ಆಷಾಢ ದಾಟಿಸಿದವು. ಹೊಡೆಯುವ ಮೊದಲು ನಳಿಗೆಯ ಒಳಗಿನ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯಬೇಕು.

ಚರ್ಮದ ಚೀಲ, ಕ್ಯಾನ್ವಾಸ್ ಚೀಲ ಎರಡೂ ತೇವ ಹಿಡಿದಿಡುತ್ತವೆ. ಬೀಗದ ಉಕ್ಕಿನ ಅಲಮಾರಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿ ಮೇಲಿದ್ದರೆ ಎಣ್ಣೆ ಇಳಿದು ಬಟ್ಟಿನ ಮರ ಮೆತ್ತಗಾಗುತ್ತದೆ. ಬಾಯಿಗೆ ಬಟ್ಟೆ ತುರುಕಬಾರದು. ಒಳಗೆ ತೇವ ನಿಲ್ಲುತ್ತದೆ, ಮರೆತು ಹೊಡೆದರೆ ನಳಿಗೆ ಸಿಡಿಯುತ್ತದೆ.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವಾಗ ಇದೆಲ್ಲ ಇನ್ನೂ ಮುಖ್ಯ. 2024ರಲ್ಲಿ ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕಾದರೂ ಎಣಿಕೆ ನಡೆದದ್ದು ಜೂನ್ 4ಕ್ಕೆ, ಅಂದರೆ ಮುಂಗಾರಿನ ಬಾಗಿಲಲ್ಲಿ. ಕೊಡುವ ಹಿಂದಿನ ದಿನ ಲೋಹಕ್ಕೆಲ್ಲ ಜೆಲ್ಲಿ ಹಚ್ಚಿ, ಮರದ ಅಡಿಗೂ ಗ್ರೀಸ್ ಸವರಿ, ಸಂಖ್ಯೆ ಬರೆದ ಚೀಟಿ ಕಟ್ಟಿ, ರಸೀದಿಯಲ್ಲಿ ಬೋಲ್ಟ್ ಮತ್ತು ಮ್ಯಾಗಜಿನ್ ಇದೆ ಎಂದು ಬರೆಸಿಕೊಳ್ಳಿ. ವಾಪಸ್ ಬಂದ ದಿನವೇ ಮುಂದಿನ ಮರ ಬಿಚ್ಚಿ ನೋಡಿ. ಆ ವಾರದ ತುಕ್ಕು ಚಿಮಿಣಿ ಎಣ್ಣೆಗೆ ಹೋಗುತ್ತದೆ, ಆಗಸ್ಟಿನ ತನಕ ಬಿಟ್ಟದ್ದಕ್ಕೆ ತೊಟ್ಟಿ ಒಲೆಯ ಮೇಲೇರಿಸಬೇಕಾಗುತ್ತದೆ.