ಕ್ಯಾಬಿನ್, ರಿಮೋಟ್ ಪೆಟ್ಟಿಗೆ, ಪರದೆ: ಅವಸರದ ಕೆಲಸಕ್ಕೆ ಯಾವುದು?

ರಿಮೋಟ್‌ನಲ್ಲಿ ಓಡುವ ಹಿಟಾಚಿ ನೋಡಿದವರೆಲ್ಲ ಮೊದಲು ಕೇಳೋದು, "ಎಷ್ಟು ದೂರದಿಂದ ಓಡಿಸಬಹುದು?" ಅಂತ. ನನಗೆ ಬೇಕಿದ್ದ ಉತ್ತರ ಬೇರೆ. ಟಿಪ್ಪರ್‌ಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿರುವಾಗ ಆಪರೇಟರ್ ಕೈ ಹೇಗೆ ಓಡುತ್ತೆ?

ಹಾಗಾಗಿ ಒಂದೇ 20 ಟನ್ ಮೆಷಿನ್ನನ್ನು ಮೂರು ರೀತಿ ಓಡಿಸಿ ನೋಡಿದೆ. ಕ್ಯಾಬಿನ್‌ನಲ್ಲಿ ಕೂತು, ರಿಮೋಟ್ ಪೆಟ್ಟಿಗೆ ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ನಿಂತು, ಕೊನೆಗೆ ಕಂಟೇನರ್ ರೂಮಿನಲ್ಲಿ ಕ್ಯಾಮೆರಾ ಚಿತ್ರ ಬರುವ ಪರದೆ ನೋಡಿಕೊಂಡು. ಕೆಲಸ ಮೂರಕ್ಕೂ ಒಂದೇ: ಮಣ್ಣು ಎತ್ತಿ ಟಿಪ್ಪರ್ ತುಂಬೋದು, ಸುಣ್ಣದ ಗೆರೆ ಹಿಡಿದು ಚರಂಡಿ ತೋಡೋದು. ಮೊದಲು ಆರಾಮಾಗಿ, ಆಮೇಲೆ ಸೂಪರ್‌ವೈಸರ್ ಮೊಬೈಲ್‌ನಲ್ಲಿ ಟೈಮ್ ಹಾಕಿಕೊಂಡು ಪಕ್ಕದಲ್ಲೇ ನಿಂತಾಗ.

ಕ್ಯಾಬಿನ್ ವಿಷಯ ಬೇಗ ಮುಗಿಯುತ್ತೆ. ಅಲ್ಲಿ ಸ್ವಲ್ಪ ಅವಸರ ಇದ್ದರೆ ಕೆಲಸ ಚುರುಕಾಗುತ್ತೆ. ಸ್ವಿಂಗ್ (ಮೆಷಿನ್ ಪಕ್ಕಕ್ಕೆ ತಿರುಗೋದು) ಮುಗಿಯುವ ಮೊದಲೇ ಬೂಮ್, ಅಂದರೆ ದೊಡ್ಡ ತೋಳು, ಇಳಿಯುತ್ತಿರುತ್ತೆ, ಅದರ ತುದಿಯ ಆರ್ಮ್ ಚಾಚುತ್ತಿರುತ್ತೆ. ಬಕೆಟ್ ಬಂಡೆಗೆ ತಾಗಿದರೆ ಎಂಜಿನ್ ಸದ್ದು ಕುಗ್ಗುತ್ತೆ, ಸೀಟು ಅದುರುತ್ತೆ. ನೋಡಿ ತಿಳಿಯುವ ಮೊದಲೇ ಕೈಗೆ ಗೊತ್ತಾಗಿರುತ್ತೆ.

ಸೊಂಟದ ಪೆಟ್ಟಿಗೆ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಅದುರೋದು ಗೊತ್ತಾಗಲ್ಲ, ಆದರೆ ಕಿವಿ ಕಣ್ಣು ಎರಡೂ ನಮ್ಮವೇ. ಬಕೆಟ್ಟಿಗೂ ಟಿಪ್ಪರ್ ಬಾಡಿಗೂ ಎಷ್ಟು ಅಂತರ ಇದೆ ಅನ್ನೋದು ನೇರವಾಗಿ ಕಾಣುತ್ತೆ. ತೊಂದರೆ ಬರೋದು ಮೆಷಿನ್‌ಗೆ ಎದುರಾಗಿ ನಿಂತಾಗ. ಅದರ ಎಡ ನಮ್ಮ ಬಲ. ನಿಧಾನವಾಗಿದ್ದಾಗ ಲೆಕ್ಕ ಹಾಕಿ ಓಡಿಸಬಹುದು, ಟೈಮ್ ಹಾಕಿದ ಕೂಡಲೇ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತೆ. ಮೆಷಿನ್ ಮುಖ ಎತ್ತ ಇದೆಯೋ ಅತ್ತಲೇ ಮುಖ ಮಾಡಿ, ಹಿಂದೆ ಓರೆಯಾಗಿ ದೂರದಲ್ಲಿ ನಿಂತರೆ ಇದು ಮುಕ್ಕಾಲು ಪಾಲು ಹೋಗುತ್ತೆ. ಇನ್ನೊಂದು ಅಪಾಯ ಇದೆ. ಅವಸರ ಜಾಸ್ತಿಯಾದಷ್ಟೂ ಕಾಲು ತಾನಾಗಿಯೇ ಮೆಷಿನ್ ಹತ್ತಿರ ಹೋಗುತ್ತೆ. ಸುತ್ತ ಟೇಪ್ ಕಟ್ಟದೆ ಈ ಪೆಟ್ಟಿಗೆಯನ್ನು ಯಾರ ಕೈಗೂ ಕೊಡಬಾರದು.

ಇನ್ನು ಪರದೆ. ಆರಾಮಾಗಿ ಮಾಡಿದಾಗ ಟಿಪ್ಪರ್ ತುಂಬೋದು ಪರವಾಗಿಲ್ಲ ಅನಿಸಿತು, ಚರಂಡಿ ಮಾತ್ರ ಅಲ್ಲಲ್ಲಿ ಆಳ ತಪ್ಪಿತು. ಚಪ್ಪಟೆ ಚಿತ್ರದಲ್ಲಿ ಆಳ ಎಲ್ಲಿ ಕಾಣಬೇಕು? ಅದರ ಮೇಲೆ ಚಿತ್ರ ತಡವಾಗಿ ಬರುತ್ತೆ. ಲಿವರ್ ಬಿಟ್ಟ ಮೇಲೂ ಪರದೆಯಲ್ಲಿ ಬಕೆಟ್ ಒಂದಿಷ್ಟು ಓಡುತ್ತೆ. ಹಾಗಾಗಿ ಎಂಥಾ ಆಪರೇಟರ್ ಆದರೂ ಒಂದು ಚಲನೆ ಮಾಡಿ, ನಿಂತು, ನೋಡಿ, ಮುಂದಿನದಕ್ಕೆ ಹೋಗುತ್ತಾನೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫೆರೆಲ್ ಮತ್ತು ಶೆರಿಡನ್ ಅನ್ನೋ ಸಂಶೋಧಕರು ದೂರದಿಂದ ಆಡಿಸುವ ಯಂತ್ರದ ಕೈಗಳ ಮೇಲೆ ಪ್ರಯೋಗ ಮಾಡಿ ಇದನ್ನೇ ಕಂಡಿದ್ದರು, ಅದೂ 1960ರ ದಶಕದಲ್ಲಿ. ಈ ನಿಂತು ನಿಂತು ಮಾಡೋದು ಸೋಮಾರಿತನ ಅಲ್ಲ, ತಡವಾಗಿ ಬರುವ ಚಿತ್ರಕ್ಕೆ ಅದೇ ಸರಿಯಾದ ದಾರಿ. ಟೈಮ್ ಹಾಕಿದ ಕೂಡಲೇ ಕೈ ಬಿಡೋದೂ ಅದನ್ನೇ. ಕ್ಯಾಬಿನ್‌ನಲ್ಲಿ ಮಾಡುವ ಹಾಗೆ ಸ್ವಿಂಗ್, ಬೂಮ್ ಎರಡನ್ನೂ ಒಟ್ಟಿಗೆ ಎಳೆಯುತ್ತೇವೆ, ಬಕೆಟ್ ಟಿಪ್ಪರ್ ದಾಟಿ ಹೋಗುತ್ತೆ, ವಾಪಸ್ ತರೋದರಲ್ಲಿ ಉಳಿಸಿದ ಸೆಕೆಂಡೆಲ್ಲ ಖರ್ಚು.

ಅದಕ್ಕಿಂತ ಆಶ್ಚರ್ಯವಾಗಿದ್ದು ಕ್ಯಾಮೆರಾ ವಿಷಯ. ಮುಂದಿನ ಕ್ಯಾಮೆರಾ ಅಲ್ಲದೆ, ಪಕ್ಕದಿಂದ ತೋರಿಸುವ ಇನ್ನೊಂದು ಕ್ಯಾಮೆರಾವನ್ನು ಕಂಬದ ಮೇಲೆ ಇಟ್ಟಿದ್ದರು. ಎತ್ತರ, ಆಳ ತಿಳಿಯೋದು ಅದರಲ್ಲೇ. ಆರಾಮಾಗಿದ್ದಾಗ ನೋಟ ಎರಡರ ನಡುವೆ ಓಡಾಡುತ್ತೆ. ಅವಸರದಲ್ಲಿ ಮುಂದಿನದಕ್ಕೇ ಅಂಟಿಕೊಳ್ಳುತ್ತೆ. ನನ್ನ ನಂತರ ಕೂತ ಆಪರೇಟರ್‌ನದ್ದೂ ಅದೇ ಕಥೆ. ಬಕೆಟ್ ಹಲ್ಲು ಟಿಪ್ಪರ್ ಬಾಡಿಗೆ ಗೀರಿದ್ದು ಪಕ್ಕದ ಪರದೆಯಲ್ಲಿ ಸ್ಪಷ್ಟವಾಗಿ ಕಾಣ್ತಾ ಇತ್ತು, ಅವನು ಅತ್ತ ತಿರುಗಲೇ ಇಲ್ಲ.

ಹಾಗಾದರೆ ಪರದೆ ಬೇಡ್ವಾ? ಎಲ್ಲ ಕಡೆ ಹಾಗೆ ಹೇಳೋಕಾಗಲ್ಲ. ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಲ್ಲಿ 1991ರ ಜೂನ್ 3ರಂದು ಬಿಸಿ ಬೂದಿಯ ಪ್ರವಾಹಕ್ಕೆ 43 ಜನ ಸತ್ತರು. ಆಮೇಲೆ ಅಲ್ಲಿನ ತಡೆಗೋಡೆ ಕೆಲಸಕ್ಕೆ ಒಳಗೆ ಜನ ಕೂರದೆ ದೂರದಿಂದ ಓಡಿಸುವ ಮೆಷಿನ್‌ಗಳನ್ನೇ ಇಳಿಸಿದರು. ಅಂಥ ಜಾಗದಲ್ಲಿ ಯಾವುದು ವೇಗ ಅನ್ನೋ ಪ್ರಶ್ನೆಯೇ ಬರಲ್ಲ. ನಮ್ಮಲ್ಲೂ ಅಂಥ ಜಾಗಗಳಿವೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತಲ್ಲ, ಅಲ್ಲಿ ಮಳೆಯ ನಡುವೆ, ಅದೇ ಗುಡ್ಡದ ಕೆಳಗೆ ಮಣ್ಣು ತೆಗೆಯಬೇಕಾಗಿತ್ತು. ಮಣ್ಣಿನಡಿ ಸಿಕ್ಕವರನ್ನು ಹುಡುಕುವ ಅವಸರವೂ ಅಲ್ಲೇ, ಕ್ಯಾಬಿನ್‌ನಲ್ಲಿ ಆಳು ಕೂರಬಾರದ ಅಪಾಯವೂ ಅಲ್ಲೇ.

ನನ್ನ ಆಯ್ಕೆ ಇಷ್ಟು. ಹಳೇ ಕಟ್ಟಡ ಒಡೆಯೋದು, ಇಳಿಜಾರಿನ ಅಂಚು, ಸುರಂಗದ ಒಳಗಿನ ಸಣ್ಣ ಕೆಲಸ, ಇವಕ್ಕೆ ಸೊಂಟದ ಪೆಟ್ಟಿಗೆ. ದಿನದ ಲೋಡ್ ಲೆಕ್ಕ ಇರುವ ಕಡೆ ಕ್ಯಾಬಿನ್. ಗುಡ್ಡ ಮತ್ತೆ ಕುಸಿಯಬಹುದಾದ ಕಡೆ ಪರದೆ, ಆದರೆ ಆಪರೇಟರ್ ಒಬ್ಬನನ್ನೇ ಕೂರಿಸಬೇಡಿ. ಕೊನೆಯಲ್ಲಿ ನಾವು ಪಕ್ಕದ ಕ್ಯಾಮೆರಾ ನೋಡೋಕೆ ಅಂತಲೇ ಒಬ್ಬ ಹುಡುಗನನ್ನು ಕೂರಿಸಿದೆವು. "ಇನ್ನೊಂದಡಿ ಇದೆ ಅಣ್ಣ, ಇಳಿಸಿ... ಸಾಕು ಸಾಕು" ಅಂತ ಅವನು ಹೇಳ್ತಾ ಹೋದ. ಸೂಪರ್‌ವೈಸರ್ ಟೈಮ್ ಹಿಡಿದು ನಿಂತಿದ್ದರೂ ಆ ಸಲ ಬಕೆಟ್ ಎಲ್ಲೂ ತಾಗಲಿಲ್ಲ.